ಮಿಡಜೋಲಾಮ್ ಮೂಗಿನ ಸ್ಪ್ರೇ: ಮೂರು ವರ್ಷ ಮನೆಯಲ್ಲಿಟ್ಟು ಬಳಸಿದ ಮೇಲೆ

ಫಿಟ್ಸ್ ಬಂದಾಗ ಮೂಗಿನೊಳಗೆ ಸಿಂಪಡಿಸುವ ಮಿಡಜೋಲಾಮ್ ಸ್ಪ್ರೇ ನಮ್ಮ ಮನೆಗೆ ಬಂದು ಮೂರು ವರ್ಷವಾಯಿತು. ಈ ಅವಧಿಯಲ್ಲಿ ಮೂರು ಬಾಟಲಿ ತಂದಿದ್ದೇವೆ, ನಾಲ್ಕು ಸಲ ಬಳಸಿದ್ದೇವೆ. ಇದು ಒಂದೇ ಕಂಪನಿಯ ಮಾಲಿನ ವಿಮರ್ಶೆಯಲ್ಲ. ಇಂಥ ಸ್ಪ್ರೇ ಎಂಬ ಔಷಧ ಸಾಧನ ಒಂದು ಸಂಸಾರದ ಕೈಯಲ್ಲಿ ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು, ನನ್ನ ತಮ್ಮನ ಪಕ್ಕದಲ್ಲಿ ಕುಳಿತು ಕಂಡಷ್ಟನ್ನು, ಇದೇ ದಾರಿಯಲ್ಲಿರುವ ಬೇರೆ ಮನೆಯವರಿಗಾಗಿ ಬರೆಯುತ್ತಿದ್ದೇನೆ.

ತಮ್ಮ ಹುಟ್ಟಿನಿಂದ ಮೂರ್ಛೆ ರೋಗ ಇದ್ದವನಲ್ಲ. ತಿಪಟೂರಿನಿಂದ ಊರಿಗೆ ಬೈಕಿನಲ್ಲಿ ಬರುವಾಗ ಹೆಲ್ಮೆಟ್ಟನ್ನು ಕನ್ನಡಿಗೆ ನೇತುಹಾಕಿಕೊಂಡಿದ್ದ. ಬಿದ್ದ ಪೆಟ್ಟಿಗೆ ಮೆದುಳಿನ ಬಲಭಾಗದಲ್ಲಿ ರಕ್ತ ಹೆಪ್ಪುಗಟ್ಟಿ, ಬುರುಡೆ ತೆರೆದು ಅದನ್ನು ತೆಗೆಯಬೇಕಾಯಿತು. ಆಸ್ಪತ್ರೆಯಲ್ಲಿ ಒಂದು ವಾರ ಫಿಟ್ಸ್ ತಡೆಯುವ ಔಷಧ ಕೊಟ್ಟು ನಿಲ್ಲಿಸಿದರು. ಹಾಗೆ ನಿಲ್ಲಿಸಿದ್ದು ತಪ್ಪಲ್ಲವೆಂದು ಈಗ ಗೊತ್ತಿದೆ. ಆ ಔಷಧ ಮೊದಲ ಏಳು ದಿನಗಳಲ್ಲಿ ಬರಬಹುದಾದ ಫಿಟ್ಸನ್ನು ಕಡಿಮೆ ಮಾಡುತ್ತದೆಯೇ ಹೊರತು, ತಿಂಗಳುಗಳ ನಂತರ ಬರುವುದನ್ನು ತಡೆಯುವುದಿಲ್ಲ. ಆದರೆ ಹಾಗೆ ತಡವಾಗಿ ಬರುವ ಸಾಧ್ಯತೆಯೊಂದು ಇದೆ, ಬಂದರೆ ಹೀಗೆ ಮಾಡಿ ಎಂಬ ಒಂದು ಸಾಲು ಡಿಸ್ಚಾರ್ಜ್ ಕಾಗದದಲ್ಲಿ ಇರಲಿಲ್ಲ, ಬಾಯಿಮಾತಿನಲ್ಲಿಯೂ ಯಾರೂ ಹೇಳಲಿಲ್ಲ. ಆ ಒಂದು ಸಾಲಿನ ಕೊರತೆಯನ್ನು ನಾನು ಇಂದಿಗೂ ಮರೆತಿಲ್ಲ.

ಏಳು ತಿಂಗಳ ನಂತರ ಊಟಕ್ಕೆ ಕುಳಿತವನು ಬಿದ್ದ. ಪಕ್ಕದ ಮನೆಯವರು ಬೀಗದ ಕೈಗೊಂಚಲು ತಂದು ಮುಷ್ಟಿಗೆ ತುರುಕಿದರು, ಯಾರೋ ಈರುಳ್ಳಿ ಹಿಂಡಿದರು, ಹಲ್ಲು ಕಚ್ಚದಿರಲೆಂದು ಬಾಯಿಗಿಟ್ಟ ಚಮಚಕ್ಕೆ ಅವನ ಮುಂದಿನ ಹಲ್ಲೇ ಮುರಿಯಿತು. ಮರುದಿನ ನರರೋಗ ತಜ್ಞರು ಕೇಳಿದ ಮೊದಲ ಪ್ರಶ್ನೆ, "ಗಡಿಯಾರ ನೋಡಿದ್ದಿರಾ ಅಮ್ಮ? ಎಷ್ಟು ನಿಮಿಷ ನಡೆಯಿತು?" ಎಂದು. ಎಂಟು ಜನ ಸುತ್ತ ನಿಂತಿದ್ದೆವು, ಒಬ್ಬರಿಗೂ ಗೊತ್ತಿರಲಿಲ್ಲ. ಗಾಯ ಮಾಯ್ದ ಜಾಗದಲ್ಲಿ ಮೆದುಳಿನ ಅಂಗಾಂಶ ಕಲೆಗಟ್ಟುತ್ತದೆ, ಹರಿದ ರಕ್ತದ ಕಬ್ಬಿಣದಂಶ ಅಲ್ಲಿಯೇ ಉಳಿದು ಸುತ್ತಲಿನ ನರಕೋಶಗಳನ್ನು ಕೆರಳಿಸುತ್ತದೆ, ಆ ಕೆರಳಿಕೆಯೇ ಒಂದು ದಿನ ಮಿತಿಮೀರಿ ಹರಡುತ್ತದೆ ಎಂದು ಅವರು ಬಿಡಿಸಿ ಹೇಳಿದರು. ಸಾಮಾನ್ಯವಾಗಿ 24 ಗಂಟೆಗಿಂತ ಹೆಚ್ಚಿನ ಅಂತರದಲ್ಲಿ ಕಾರಣವಿಲ್ಲದೆ ಎರಡು ಸಲ ಬಂದರೆ ಅಪಸ್ಮಾರ, ಅಂದರೆ ಮೂರ್ಛೆ ರೋಗ, ಎನ್ನುತ್ತಾರೆ. ಆದರೆ ಇಂಟರ್‌ನ್ಯಾಷನಲ್ ಲೀಗ್ ಅಗೇನ್‌ಸ್ಟ್ ಎಪಿಲೆಪ್ಸಿ ಎಂಬ ಅಂತರರಾಷ್ಟ್ರೀಯ ತಜ್ಞರ ಸಂಘ 2014ರಲ್ಲಿ ಪ್ರಕಟಿಸಿದ ವ್ಯಾಖ್ಯೆಯಂತೆ, ಮುಂದಿನ ಹತ್ತು ವರ್ಷಗಳಲ್ಲಿ ಮರಳುವ ಸಂಭವ ಶೇ. 60 ಅಥವಾ ಹೆಚ್ಚು ಇದ್ದರೆ ಒಂದೇ ಸಲ ಬಂದದ್ದೂ ಸಾಕು. ತಮ್ಮನನ್ನು ಆ ಲೆಕ್ಕಕ್ಕೆ ಸೇರಿಸಿ ದಿನವೂ ನುಂಗುವ ಮಾತ್ರೆ ಶುರುಮಾಡಿದರು. ಚೀಟಿಯ ಕೊನೆಯಲ್ಲಿ ಈ ಸ್ಪ್ರೇ ಇತ್ತು.

ಹೆಚ್ಚಿನ ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾವಾಗಿಯೇ ನಿಲ್ಲುತ್ತವೆ, ಅವಕ್ಕೆ ಸ್ಪ್ರೇ ಬೇಕಿಲ್ಲ. ಮೈಯೆಲ್ಲ ಸೆಟೆದು ಅದುರುವುದು ಐದು ನಿಮಿಷ ದಾಟಿದರೆ ಅದು ತಾನಾಗಿ ನಿಲ್ಲುವ ಸಂಭವ ಕಡಿಮೆಯಾಗುತ್ತ ಹೋಗುತ್ತದೆ. ಅರ್ಧ ಗಂಟೆ ಮೀರಿದರೆ ಮೆದುಳಿಗೆ ಶಾಶ್ವತ ಹಾನಿಯಾಗಬಹುದು. ನಮ್ಮ ಊರಿನಿಂದ ತಾಲ್ಲೂಕು ಆಸ್ಪತ್ರೆಗೆ ನಲವತ್ತು ನಿಮಿಷದ ದಾರಿ. ಈ ಎರಡು ಲೆಕ್ಕಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಈ ಸಣ್ಣ ಬಾಟಲಿ ಯಾಕೆ ಬೇಕು ಎಂಬುದು ತಿಳಿಯುತ್ತದೆ. ಹಿಂದೆ ಮನೆಯಲ್ಲಿ ಕೊಡಬಹುದಾಗಿದ್ದ ಔಷಧವೆಂದರೆ ಗುದದ್ವಾರದಲ್ಲಿ ಏರಿಸುವ ಡಯಾಜೆಪಾಮ್. ಬಸ್ಸಿನಲ್ಲಿಯೋ ಮದುವೆ ಛತ್ರದಲ್ಲಿಯೋ ಬೆಳೆದ ಗಂಡಸಿಗೆ ಅದನ್ನು ಹೇಗೆ ಕೊಡುವುದು? ಮೂಗಿನ ಸ್ಪ್ರೇ ಆ ಸಂಕೋಚವನ್ನು ತೆಗೆದುಹಾಕಿದೆ.

ಮೊದಲ ಸಲ ಬಳಸಿದ್ದು ಒಂದು ರಾತ್ರಿ ಎರಡೂವರೆಯ ಸುಮಾರಿಗೆ. ತಮ್ಮನ ಹೆಂಡತಿ ಫೋನಿನಲ್ಲಿ ಸಮಯ ಹಿಡಿದಳು, ನಾನು ಅವನನ್ನು ಮಗ್ಗುಲಿಗೆ ಹೊರಳಿಸಿ ಬಾಯಿಯ ನೊರೆ ಹೊರಗೆ ಹರಿಯುವಂತೆ ಮಾಡಿದೆ, ಅಮ್ಮ ತಲೆಯ ಕೆಳಗೆ ಮಡಿಸಿದ ಟವೆಲ್ ಇಟ್ಟಳು. "ಐದಾಯಿತು ಅಕ್ಕ" ಎಂದ ಕೂಡಲೇ ಮುಚ್ಚಳ ತೆಗೆದು, ಗಾಳಿಯಲ್ಲಿ ಒತ್ತಿ ಸಣ್ಣ ಮಂಜಿನಂತೆ ಹನಿ ಬರುವುದನ್ನು ಖಚಿತಪಡಿಸಿಕೊಂಡು, ಎಡಕ್ಕೊಂದು ಬಲಕ್ಕೊಂದು ಎಂದು ಹತ್ತು ಸಲ ಒತ್ತಿದೆ, ಗಟ್ಟಿಯಾಗಿ ಎಣಿಸುತ್ತ. ಕೈ ನಡುಗುವಾಗ ಮನಸ್ಸಿನಲ್ಲಿ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಸುಮಾರು ಮೂರು ನಿಮಿಷಕ್ಕೆ ಭುಜದ ಬಿಗಿ ಸಡಿಲಾಯಿತು, ಆಮೇಲೆ ಕಾಲು, ಕೊನೆಗೆ ಹೆಬ್ಬೆರಳು. ಅವನು ಉದ್ದವಾಗಿ ಒಂದು ಉಸಿರೆಳೆದು ನಿದ್ದೆಹೋದ. ಅಮ್ಮ ಆ ರಾತ್ರಿಯೆಲ್ಲ ಅವನ ಎದೆಯ ಏರಿಳಿತ ನೋಡುತ್ತ ಕುಳಿತಿದ್ದಳು, ಹಾಗೆ ಕೂರುವುದು ಅಗತ್ಯವೂ ಹೌದು, ಏಕೆಂದರೆ ಈ ಔಷಧಕ್ಕೆ ಉಸಿರಾಟವನ್ನು ನಿಧಾನಗೊಳಿಸುವ ಗುಣವಿದೆ. ಉಸಿರು ಕ್ಷೀಣವಾದರೆ ಅಥವಾ ಸ್ಪ್ರೇ ಕೊಟ್ಟ ಮೇಲೂ ಅದುರುವುದು ನಿಲ್ಲದಿದ್ದರೆ 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಹೊರಡಬೇಕೆಂದು ತಜ್ಞರು ಮೊದಲೇ ಹೇಳಿದ್ದರು.

ಎರಡನೆಯ ಸಲದ್ದು ಬೇರೆ ಬಗೆಯದು. ಅವನಿಗೆ ದೊಡ್ಡ ಫಿಟ್ಸ್ ಬರುವ ಮೊದಲು ಹೊಟ್ಟೆಯಿಂದ ಏನೋ ಮೇಲೆದ್ದು ಗಂಟಲಿಗೆ ಬಂದಂತಾಗಿ, ಕಣ್ಣು ಒಂದೇ ಕಡೆ ನೆಟ್ಟು, ತುಟಿ ಚಪ್ಪರಿಸುತ್ತಾನೆ. ಇದು ಮೆದುಳಿನ ಒಂದೇ ಭಾಗದಲ್ಲಿ ಹುಟ್ಟುವ ಫಿಟ್ಸ್. ಅಂದು ಒಂದು ಗಂಟೆಯೊಳಗೆ ಮೂರು ಸಲ ಹಾಗಾಯಿತು. ಹೀಗೆ ಸಾಲಾಗಿ ಬಂದಾಗಲೂ ಕೊಡಬೇಕೆಂದು ಚೀಟಿಯಲ್ಲಿ ಬರೆದಿತ್ತು. ಮೂರನೆಯದು ಮುಗಿದು ಎಚ್ಚರವಿದ್ದಾಗಲೇ ಕೊಟ್ಟಿದ್ದರಿಂದ ಅನುಭವ ಹೇಗಿತ್ತೆಂದು ಅವನೇ ಹೇಳಿದ: ಮೂಗು ಸುಟ್ಟಂತಾಗಿ ಕಣ್ಣಲ್ಲಿ ಧಾರಾಕಾರ ನೀರು. ಕಾರಣವಿದೆ. ಮಿಡಜೋಲಾಮ್ ನೀರಿನಲ್ಲಿ ಕರಗಿರಲು ದ್ರಾವಣ ಹುಳಿಯಾಗಿರಬೇಕು, ಆ ಆಮ್ಲವೇ ಉರಿ. ಮೈಯೊಳಗೆ ಸೇರಿದ ಕೂಡಲೇ ಅದರ ಅಣು ಕೊಬ್ಬಿನಲ್ಲಿ ಕರಗುವ ರೂಪಕ್ಕೆ ತಿರುಗಿ ಬೇಗನೆ ಮೆದುಳನ್ನು ಮುಟ್ಟುತ್ತದೆ. ಅಪಘಾತದಲ್ಲಿ ವಾಸನೆಯ ನರ ಹರಿದು ತಮ್ಮನಿಗೆ ಒಗ್ಗರಣೆಯ ವಾಸನೆಯೂ ಗೊತ್ತಾಗುವುದಿಲ್ಲ. ಉರಿ ಮಾತ್ರ ಗೊತ್ತಾಗುತ್ತದೆ, ಏಕೆಂದರೆ ಅದನ್ನು ಒಯ್ಯುವ ನರವೇ ಬೇರೆ. ಅಷ್ಟು ದಿನದ ಮೇಲೆ ಮೂಗಿನಲ್ಲಿ ಏನೋ ಒಂದು ತಿಳಿಯಿತಲ್ಲ ಎಂದು ಅವನು ಹೇಳಿದ್ದು ಕೇಳಿ ನನಗೆ ಅಳು ಬಂತು.

ಈಗ ಕೊರತೆಗಳು. ಎಲ್ಲಕ್ಕಿಂತ ಅಪಾಯಕಾರಿ ಎಂದರೆ ಶಕ್ತಿಯ ಗೊಂದಲ. ಒಂದು ಸಲ ಒತ್ತಿದರೆ 0.5 ಮಿಲಿಗ್ರಾಂ ಬರುವ ಬಾಟಲಿಯೂ ಇದೆ, 1.25 ಮಿಲಿಗ್ರಾಂ ಬರುವುದೂ ಇದೆ. ತಮ್ಮನಿಗೆ ತಜ್ಞರು ನಿಗದಿಮಾಡಿದ್ದು 5 ಮಿಲಿಗ್ರಾಂ. ಮೊದಲನೆಯದರಲ್ಲಿ ಅದಕ್ಕೆ ಹತ್ತು ಒತ್ತು, ಎರಡನೆಯದರಲ್ಲಿ ನಾಲ್ಕೇ ಒತ್ತು. ಎರಡನೆಯ ಬಾಟಲಿ ಕೊಳ್ಳುವಾಗ ಅಂಗಡಿಯವರು ಏನೂ ಹೇಳದೆ ಹೆಚ್ಚಿನ ಶಕ್ತಿಯದನ್ನು ಕೊಟ್ಟಿದ್ದರು. ಮನೆಗೆ ಬಂದು ಕನ್ನಡಕ ಹಾಕಿಕೊಂಡು ಓದಿದ್ದರಿಂದ ಗೊತ್ತಾಯಿತು. ಇಲ್ಲವಾದರೆ ರೂಢಿಯಂತೆ ಹತ್ತು ಸಲ ಒತ್ತಿ ಎರಡೂವರೆ ಪಟ್ಟು ಔಷಧ ಕೊಟ್ಟುಬಿಡುತ್ತಿದ್ದೆ. ಅಕ್ಷರ ಸಾಸಿವೆ ಗಾತ್ರದ್ದು, ಭಾಷೆ ಇಂಗ್ಲಿಷ್, ಒಳಗಿನ ಕಾಗದವೂ ಹಾಗೆಯೇ. ಎಷ್ಟು ಒತ್ತು ಉಳಿದಿದೆ ಎಂದು ತೋರಿಸುವ ವ್ಯವಸ್ಥೆ ಇಲ್ಲ. ಅಮೆರಿಕದಲ್ಲಿ 2019ರಲ್ಲಿ ಅನುಮತಿ ಪಡೆದ ಮಿಡಜೋಲಾಮ್ ಸ್ಪ್ರೇಯಲ್ಲಿ ಒಂದೇ ಒತ್ತಿಗೆ 5 ಮಿಲಿಗ್ರಾಂ ಪೂರ್ತಿ ಬರುತ್ತದೆ. ಅದುರುತ್ತಿರುವ ತಲೆಯನ್ನು ಹಿಡಿದುಕೊಂಡು ಹತ್ತು ಸಲ ಒತ್ತಿದವರಿಗೆ ಆ ವ್ಯತ್ಯಾಸದ ಬೆಲೆ ಗೊತ್ತು.

ಐನೂರು ರೂಪಾಯಿಯೊಳಗೆ ಸಿಕ್ಕಿದ್ದರಿಂದ ಬೆಲೆಯ ಬಗ್ಗೆ ದೂರಿಲ್ಲ. ಸಿಗುವುದೇ ಕಷ್ಟ. ಡಾಕ್ಟರ ಚೀಟಿ ಕೇಳುವುದು ಸರಿಯೇ, ಆದರೆ ಚೀಟಿ ಹಿಡಿದು ಹೋದರೂ ನಮ್ಮ ತಾಲ್ಲೂಕಿನ ಐದು ಮೆಡಿಕಲ್ ಅಂಗಡಿಗಳಲ್ಲಿ ಇರಲಿಲ್ಲ, ಬೆಂಗಳೂರಿನಿಂದಲೇ ತರಿಸಬೇಕಾಯಿತು. ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಮನೆಮನೆಗೆ ಹೋಗಿ ವಿಚಾರಿಸಿ ನಿಮ್ಹಾನ್ಸ್ ತಜ್ಞರು 2004ರಲ್ಲಿ ಪ್ರಕಟಿಸಿದ ಬೆಂಗಳೂರು ಸಮೀಕ್ಷೆಯಲ್ಲಿ ಸಾವಿರಕ್ಕೆ ಸುಮಾರು ಒಂಬತ್ತು ಜನರಿಗೆ ಅಪಸ್ಮಾರ ಕಂಡುಬಂದಿತ್ತು, ಅದೂ ಹಳ್ಳಿಗಳಲ್ಲಿ ನಗರದ ಎರಡು ಪಟ್ಟು. ರೋಗಿಗಳು ಹೆಚ್ಚಿರುವ ಕಡೆ, ಆಸ್ಪತ್ರೆ ದೂರವಿರುವ ಕಡೆ, ಔಷಧ ಅಂಗಡಿಯಲ್ಲಿಲ್ಲ.

ಇದನ್ನು ಕೊಳ್ಳುವವರು ಇನ್ನೊಂದನ್ನು ತಿಳಿದಿರಬೇಕು. ಸ್ಪ್ರೇ ಇದೆಯೆಂದು ದಿನದ ಮಾತ್ರೆ ಬಿಡುವಂತಿಲ್ಲ. ಮೂರನೆಯ ಸಲ ಸ್ಪ್ರೇ ಬೇಕಾದದ್ದು ತಮ್ಮ ಎರಡು ದಿನ ಮಾತ್ರೆ ಮರೆತಾಗಲೇ. ಮರೆವು ಅವನ ಅಸಡ್ಡೆಯೂ ಅಲ್ಲ, ಪೆಟ್ಟಿನ ಫಲ. ಹೇಳಿದ ಮಾತು ಸಂಜೆಗೆ ನೆನಪಿರುವುದಿಲ್ಲ, ಮಧ್ಯಾಹ್ನಕ್ಕೇ ದಣಿಯುತ್ತಾನೆ, ಮಕ್ಕಳ ಗಲಾಟೆಗೆ ತಟ್ಟೆ ಎಸೆಯುವಷ್ಟು ಸಿಟ್ಟು ಬರುತ್ತದೆ. ಸಿಟ್ಟಿನಲ್ಲಿ ಸ್ವಲ್ಪ ಪಾಲು ಅವನು ದಿನವೂ ನುಂಗುತ್ತಿದ್ದ ಲೆವೆಟಿರಾಸಿಟಾಮ್ ಮಾತ್ರೆಯದೂ ಇರಬಹುದೆಂದು ತಜ್ಞರು ಅದನ್ನು ನಿಧಾನವಾಗಿ ಬದಲಾಯಿಸಿದ ಮೇಲೆ ಮನೆ ತುಸು ಶಾಂತವಾಯಿತು. ಇವುಗಳಿಗೆ ಸ್ಪ್ರೇ ಪರಿಹಾರವಲ್ಲ. ಇವುಗಳ ಬಗ್ಗೆ ಕೇಳಿದರೆ ಮಾತ್ರ ಹೇಳುತ್ತಾರೆ, ಆದ್ದರಿಂದ ಕೇಳಿ.

ಕೊರತೆಗಳೆಲ್ಲ ಇದ್ದರೂ, ಆಸ್ಪತ್ರೆಯಿಂದ ದೂರವಿರುವ ಪ್ರತಿ ರೋಗಿಯ ಮನೆಯವರೂ ತಮ್ಮ ತಜ್ಞರ ಬಳಿ ಈ ಸ್ಪ್ರೇ ಬಗ್ಗೆ ವಿಚಾರಿಸಬೇಕೆಂಬುದು ನನ್ನ ಅಭಿಪ್ರಾಯ. ನಾಲ್ಕರಲ್ಲಿ ಮೂರು ಸಲ ಅದು ಆಸ್ಪತ್ರೆಯ ದಾರಿಯನ್ನೇ ತಪ್ಪಿಸಿತು. ನಾಲ್ಕನೆಯ ಸಲ ನೆಗಡಿಯಿಂದ ಮೂಗು ಕಟ್ಟಿದ್ದರಿಂದಲೋ ಏನೋ ತಡವಾಗಿ ಹಿಡಿಯಿತು, ಆಸ್ಪತ್ರೆಗೆ ಹೋಗಬೇಕಾಯಿತು. ಒತ್ತಿಗೆ 0.5 ಮಿಲಿಗ್ರಾಂ ಬರುವ ನಮ್ಮ ಮೂರನೆಯ ಬಾಟಲಿ ಬಿಸಿಲು ಬೀಳದ ಗೋಡೆ ಗೂಡಿನಲ್ಲಿದೆ. ಅದಕ್ಕೆ ಬಿಳಿ ಪಟ್ಟಿ ಸುತ್ತಿ, ಅವಧಿ ಮುಗಿಯುವ ತಿಂಗಳನ್ನೂ "5 ನಿಮಿಷ, 10 ಒತ್ತು" ಎಂಬುದನ್ನೂ ದೊಡ್ಡ ಕನ್ನಡ ಅಕ್ಷರದಲ್ಲಿ ಬರೆದವನು ತಮ್ಮನೇ.