ಮೂರು ಮಳೆಗಾಲ ಕಂಡ ಟ್ರೇಫಿಕ್: ಶಿರಸಿ ಮನೆಯ ಕ್ಲಸ್ಟರ್‌ನಿಂದ

ಶಿರಸಿಯಲ್ಲಿ ಜೂನ್ ಬಂತೆಂದರೆ ಕರೆಂಟ್ ಹೋಗುವುದು ಸುದ್ದಿಯೇ ಅಲ್ಲ. ಗಾಳಿಗೆ ಲೈನ್ ಮೇಲೆ ಒಂದು ಕೊಂಬೆ ಬಿದ್ದರೆ ಸಾಕು, ಬೆಳಗಿನ ತನಕ ಕತ್ತಲೆ. ಹಾಗಾಗಿ ಟ್ರೇಫಿಕ್ (Traefik, ಸೈಟಿಗೆ ಬಂದವರಿಗೆ ದಾರಿ ತೋರಿಸುವ ತಂತ್ರಾಂಶ) ಬಗ್ಗೆ ನನಗಿದ್ದದ್ದು ಒಂದೇ ಪ್ರಶ್ನೆ: ಕರೆಂಟ್ ಹೋದಾಗ ಇದು ಏನು ಮಾಡುತ್ತದೆ? ವೇಗ, ಫೀಚರ್ ಎಲ್ಲ ನೀವು ಬೇರೆ ಕಡೆ ಓದಿರುತ್ತೀರಿ, ಅದನ್ನು ಬಿಡುತ್ತೇನೆ.

ನನ್ನ ಹತ್ತಿರ ಇರುವುದು ಮೂರು ಹಳೆ ಲ್ಯಾಪ್‌ಟಾಪ್. ಮೂರರಲ್ಲೂ ಕೆ3ಎಸ್, ಅಂದರೆ ಹಲವು ಕಂಪ್ಯೂಟರ್‌ಗಳನ್ನು ಒಂದು ಗುಂಪು (ಕ್ಲಸ್ಟರ್) ಮಾಡಿ ಆ್ಯಪ್ ಓಡಿಸುವ ಕುಬರ್ನೆಟೀಸ್‌ನ ಹಗುರ ರೂಪ. ಮುಖ್ಯ ಸರ್ವರ್ ಆಗಿರುವ ಲ್ಯಾಪ್‌ಟಾಪ್ ಮತ್ತು ರೌಟರ್ ಇನ್ವರ್ಟರ್ ಮೇಲೆ ಇವೆ. ಉಳಿದೆರಡು ತಮ್ಮ ಬ್ಯಾಟರಿ ಇರುವಷ್ಟು ಹೊತ್ತು ಓಡುತ್ತವೆ, ಆಮೇಲೆ ಆಫ್. ಇದರ ಮೇಲೆ ನಡೆಯುವುದು ಭಾವನ ಹೋಮ್‌ಸ್ಟೇ ಬುಕಿಂಗ್ ಸೈಟ್, ಅಪ್ಪಯ್ಯನ ಅಡಿಕೆ ಲೆಕ್ಕದ ಪುಟ, ಮನೆಯವರ ಫೋಟೋಗಳು. ಸ್ಟಾಟಿಕ್ ಐಪಿಗೆ (ಬದಲಾಗದ ಇಂಟರ್ನೆಟ್ ವಿಳಾಸಕ್ಕೆ) ತಿಂಗಳಿಗೆ ಸ್ವಲ್ಪ ಹೆಚ್ಚು ಕೊಡುತ್ತೇನೆ, ಅದು ಬಿಟ್ಟರೆ ಖರ್ಚಿಲ್ಲ. ಟ್ರೇಫಿಕ್ ಕೆ3ಎಸ್ ಜೊತೆಗೇ ಬರುತ್ತದೆ, ಬೇರೆ ಹಾಕಿಕೊಳ್ಳಬೇಕಿಲ್ಲ. ಹೊರಗಿನಿಂದ ಬಂದವರು ಯಾವ ಹೆಸರು ಕೇಳಿದರು ಅಂತ ನೋಡಿ ಸರಿಯಾದ ಆ್ಯಪ್‌ಗೆ ಕಳಿಸುವುದು ಅದರ ಕೆಲಸ. ಮೊದಲ ದಿನ ಅರ್ಧ ಗಂಟೆಯಲ್ಲಿ ಮೂರೂ ಸೈಟ್ ತೆರೆದುಕೊಂಡಾಗ ಎಷ್ಟು ಖುಷಿಯಾಗಿತ್ತು ಅಂದ್ರೆ ಮನೆಯವರನ್ನೆಲ್ಲ ಕರೆದು ತೋರಿಸಿದ್ದೆ.

ಖುಷಿ ಮೊದಲ ಮಳೆಗೇ ಹೋಯಿತು.

ಸರ್ವರ್‌ನ ಮ್ಯಾನಿಫೆಸ್ಟ್ ಫೋಲ್ಡರಿನಲ್ಲಿ ಟ್ರೇಫಿಕ್‌ನ ಯಾಮಲ್ ಫೈಲ್ (ಸೆಟ್ಟಿಂಗ್ ಬರೆದಿಡುವ ಫೈಲ್) ಇರುತ್ತದೆ. ನಾನು ಅದನ್ನೇ ನೇರ ತಿದ್ದಿದ್ದೆ. ಎಲ್ಲ ಚೆನ್ನಾಗಿಯೇ ಇತ್ತು. ಒಂದು ರಾತ್ರಿ ಇನ್ವರ್ಟರ್ ಕೂಡ ಖಾಲಿಯಾಗಿ ಸರ್ವರ್ ಆಫ್ ಆಯಿತು, ಕರೆಂಟ್ ಬಂದಮೇಲೆ ನೋಡಿದರೆ ನಾನು ಬರೆದದ್ದೆಲ್ಲ ಮಾಯ. ಕೆ3ಎಸ್ ಪ್ರತಿ ಸಲ ಶುರುವಾಗುವಾಗ ಆ ಫೈಲನ್ನು ಮೊದಲಿದ್ದಂತೆ ಮತ್ತೆ ಬರೆಯುತ್ತದೆ. ನಮ್ಮ ಬದಲಾವಣೆಗಳನ್ನು ಹೆಲ್ಮ್‌ಚಾರ್ಟ್‌ಕಾನ್ಫಿಗ್ ಅನ್ನುವ ಬೇರೆ ಫೈಲಿನಲ್ಲಿ ಇಡಬೇಕು. ಇದು ಅವರ ಡಾಕ್ಯುಮೆಂಟಿನಲ್ಲಿ ಸ್ಪಷ್ಟವಾಗಿದೆ, ನಾನು ಓದಿರಲಿಲ್ಲ ಅಷ್ಟೇ. ಹೊಸದಾಗಿ ಶುರು ಮಾಡುವವರು ದಯವಿಟ್ಟು ಓದಿ.

ನಿಜವಾದ ತಲೆನೋವು ಸರ್ಟಿಫಿಕೇಟಿನದು. ಟ್ರೇಫಿಕ್ ತಾನೇ ಉಚಿತವಾಗಿ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಹತ್ತಿರ ಹೋಗಿ ಎಚ್‌ಟಿಟಿಪಿಎಸ್‌ಗೆ ಬೇಕಾದ ಸರ್ಟಿಫಿಕೇಟ್ ತರುತ್ತದೆ. ಎಷ್ಟು ಸುಲಭ ಅಲ್ವಾ ಅಂದುಕೊಂಡಿದ್ದೆ. ತಂದದ್ದನ್ನು ಅದು ಇಡುವುದು ಒಂದು ಜೇಸನ್ ಫೈಲಿನಲ್ಲಿ, ಹೆಲ್ಮ್ ಚಾರ್ಟಿನಲ್ಲಿ (ಟ್ರೇಫಿಕ್ ಹಾಕುವ ಪ್ಯಾಕೇಜಿನಲ್ಲಿ) ಪರ್ಸಿಸ್ಟೆನ್ಸ್, ಅಂದರೆ ಫೈಲ್ ಉಳಿಸಿಡುವ ಸೆಟ್ಟಿಂಗ್, ಆನ್ ಮಾಡದಿದ್ದರೆ ಆ ಫೈಲಿನ ಆಯಸ್ಸು ಪಾಡ್ (ಕುಬರ್ನೆಟೀಸ್‌ನಲ್ಲಿ ಆ್ಯಪ್ ಓಡುವ ಘಟಕ) ಇರುವವರೆಗೆ ಮಾತ್ರ. ನಮ್ಮಲ್ಲಿ ಆಗಿದ್ದು ಹೀಗೆ. ಟ್ರೇಫಿಕ್ ಇದ್ದ ಲ್ಯಾಪ್‌ಟಾಪಿನ ಬ್ಯಾಟರಿ ಮುಗಿಯಿತು. ಕುಬರ್ನೆಟೀಸ್ 5 ನಿಮಿಷ ಕಾಯಿತು, ಅದು ಏಳಲಿಲ್ಲ ಅಂತ ಇನ್ನೊಂದು ಲ್ಯಾಪ್‌ಟಾಪಿನಲ್ಲಿ ಹೊಸ ಪಾಡ್ ಎಬ್ಬಿಸಿತು. ಹೊಸ ಪಾಡ್‌ನಲ್ಲಿ ಆ ಫೈಲ್ ಖಾಲಿ. ಅದು ಮತ್ತೆ ಹೋಗಿ ಹೊಸ ಸರ್ಟಿಫಿಕೇಟ್ ಕೇಳಿತು. ಒಂದೇ ಹೆಸರಿಗೆ 7 ದಿನದಲ್ಲಿ 5 ಸರ್ಟಿಫಿಕೇಟ್ ಮಾತ್ರ ಅಂತ ಲೆಟ್ಸ್ ಎನ್‌ಕ್ರಿಪ್ಟ್ ಮಿತಿ ಇಟ್ಟಿದೆ. ಆ ವಾರ ಕರೆಂಟ್ ಹೋಗಿ ಎರಡು ಸಲ ಹೀಗಾಯಿತು, ಏನೋ ಸರಿ ಮಾಡುತ್ತೇನೆ ಅಂತ ನಾನೇ ಮೂರು ಸಲ ಪಾಡ್ ಡಿಲೀಟ್ ಮಾಡಿದ್ದೆ. ಅಲ್ಲಿಗೆ ಐದು. ಶನಿವಾರ ರಾತ್ರಿ ಮತ್ತೆ ಕರೆಂಟ್ ಹೋಯಿತು.

ಭಾನುವಾರ ಬೆಳಿಗ್ಗೆ ಭಾವನ ಫೋನ್. 'ಭಾವಾ, ನಮ್ಮ ಸೈಟ್ ಓಪನ್ನೇ ಆಗ್ತಾ ಇಲ್ಲೆ, ಎಂತಾ ಆತು?' ತೆರೆದು ನೋಡಿದರೆ ಬ್ರೌಸರ್ ತುಂಬ ಕೆಂಪು ಎಚ್ಚರಿಕೆ, ಒಳಗೆ 'ಟ್ರೇಫಿಕ್ ಡಿಫಾಲ್ಟ್ ಸರ್ಟ್' ಅನ್ನುವ ಹೆಸರು. ಬೇರೆ ಸರ್ಟಿಫಿಕೇಟ್ ಸಿಗದಾಗ ಅದು ತಾನೇ ಮಾಡಿಕೊಳ್ಳುವ ಸರ್ಟಿಫಿಕೇಟ್ ಅದು. ಯಾಣಕ್ಕೆ ಹೋಗಬೇಕು, ಒಂದು ರಾತ್ರಿ ಉಳಿಯಬೇಕು ಅಂತ ನೋಡುತ್ತಿದ್ದ ಜನ ಆ ಪುಟ ಕಂಡು ವಾಪಸ್ ಹೋಗಿರುತ್ತಾರೆ. ಭಾವ ಒಂದು ಮಾತೂ ಬೈಯಲಿಲ್ಲ, ಅದಕ್ಕೇ ಇನ್ನೂ ಬೇಜಾರಾಯಿತು. ಈ ಟ್ರೇಫಿಕ್ಕೇ ಬೇಡ, ಇದೇ ಕೆಲಸ ಮಾಡುವ ಎಂಜಿನ್‌ಎಕ್ಸ್ ಇಂಗ್ರೆಸ್ ಹಾಕಿಬಿಡೋಣ ಅಂತ ಆ ದಿನ ಗಟ್ಟಿ ತೀರ್ಮಾನ ಮಾಡಿದ್ದೆ.

ಮಾಡಲಿಲ್ಲ, ಒಳ್ಳೆಯದೇ ಆಯಿತು. ಕುಬರ್ನೆಟೀಸ್ ಬಳಗದ ಆ ಇಂಗ್ರೆಸ್-ಎಂಜಿನ್‌ಎಕ್ಸ್ ಯೋಜನೆಯನ್ನು 2026ರ ಮಾರ್ಚ್ ನಂತರ ನೋಡಿಕೊಳ್ಳುವುದಿಲ್ಲ ಅಂತ 2025ರ ನವೆಂಬರಿನಲ್ಲಿ ಘೋಷಣೆ ಬಂತು. ಈಗ ಸ್ನೇಹಿತರು ಬದಲಿಗೆ ಏನು ಹಾಕೋಣ ಅಂತ ಕೇಳುತ್ತಿದ್ದಾರೆ, ಇದನ್ನು ಬರೆಯಲು ಅದೂ ಒಂದು ಕಾರಣ.

ನಾನು ಮಾಡಿದ್ದು ಇಷ್ಟು: ಸರ್ಟಿಫಿಕೇಟ್ ತರುವ ಕೆಲಸವನ್ನು ಟ್ರೇಫಿಕ್‌ನಿಂದ ತೆಗೆದು ಅದಕ್ಕೆಂದೇ ಇರುವ ಸರ್ಟ್-ಮ್ಯಾನೇಜರ್ ಅನ್ನುವ ತಂತ್ರಾಂಶಕ್ಕೆ ಕೊಟ್ಟೆ. ಅದು ಸರ್ಟಿಫಿಕೇಟನ್ನು ಕ್ಲಸ್ಟರಿನ ಸೀಕ್ರೆಟ್‌ನಲ್ಲಿ (ಗುಟ್ಟಿನ ಮಾಹಿತಿ ಇಡುವ ಜಾಗದಲ್ಲಿ) ಇಡುತ್ತದೆ, ಅಂದರೆ ಇನ್ವರ್ಟರ್ ಮೇಲಿರುವ ಸರ್ವರಿನಲ್ಲಿ. ಟ್ರೇಫಿಕ್ ಯಾವ ಲ್ಯಾಪ್‌ಟಾಪಿಗೆ ಹೋದರೂ ಅಲ್ಲಿಂದ ಓದಿಕೊಳ್ಳುತ್ತದೆ. ಪ್ರಯೋಗ ಮಾಡುವಾಗ ಲೆಟ್ಸ್ ಎನ್‌ಕ್ರಿಪ್ಟ್‌ನ ಸ್ಟೇಜಿಂಗ್ (ಪರೀಕ್ಷೆಗೆಂದೇ ಇರುವ) ವಿಳಾಸ ಬಳಸಿ, ಅದರ ಮಿತಿ ತುಂಬ ದೊಡ್ಡದು.

ಅಲ್ಲಿಂದ ಈಚೆ ನನಗೆ ಟ್ರೇಫಿಕ್ ಮೇಲೆ ಪ್ರೀತಿಯೇ ಹುಟ್ಟಿದೆ. ಬೆಳಿಗ್ಗೆ ಒಂದು ಲೋಟ ಕಷಾಯ ಹಿಡಿದು ಜಗಲಿಯಲ್ಲಿ ಕೂತು ಫೋನಿನಲ್ಲಿ ಅದರ ಡ್ಯಾಶ್‌ಬೋರ್ಡ್ ತೆರೆಯುತ್ತೇನೆ. ಯಾವ ಹೆಸರು ಯಾವ ಸರ್ವಿಸ್‌ಗೆ ಹೋಗುತ್ತಿದೆ ಅಂತ ಸಾಲಾಗಿ ಕಾಣುತ್ತದೆ, ಪಕ್ಕದಲ್ಲಿ ಹಸಿರು ಗುರುತು. ಮಳೆ ಹನಿ ಹಂಚಿನಿಂದ ಬೀಳುತ್ತಿರುತ್ತದೆ. ಎಲ್ಲ ಹಸಿರು ಇದ್ದರೆ ಫೋನ್ ಕೆಳಗಿಟ್ಟು ತೋಟಕ್ಕೆ ಹೋಗುತ್ತೇನೆ. ಡ್ಯಾಶ್‌ಬೋರ್ಡ್ ಹೊರಗಿನವರಿಗೆ ತೆರೆದಿಡಬೇಡಿ, ನಾನು ಮನೆ ವೈಫೈಗೆ ಮಾತ್ರ ಇಟ್ಟಿದ್ದೇನೆ. ಇನ್ನೊಂದು ಸಣ್ಣ ವಿಷಯ: ಬಿಳಿ ಪುಟದಲ್ಲಿ ಸುಮ್ನೆ '404 ಪೇಜ್ ನಾಟ್ ಫೌಂಡ್' ಅಂತ ಒಂದೇ ಸಾಲು ಬಂದರೆ, ಹೆಚ್ಚಾಗಿ ವಿನಂತಿ ಟ್ರೇಫಿಕ್ ತನಕ ಬಂದಿದೆ, ಮುಂದೆ ದಾರಿ ಬರೆದಿಲ್ಲ ಅಂತ ಅರ್ಥ. ರೌಟರ್, ಕೇಬಲ್ ಹುಡುಕುವುದು ತಪ್ಪುತ್ತದೆ.

ಟ್ರೇಫಿಕ್‌ನ 2ರಿಂದ 3ನೇ ಆವೃತ್ತಿಗೆ ಹೋಗುವಾಗ ಹಳೆ ಯಾಮಲ್‌ಗಳ ತಲೆಯಲ್ಲಿ ಬರೆಯುವ ಎಪಿಐ ಗುಂಪಿನ ಹೆಸರು ಬದಲಿಸಬೇಕಾಯಿತು. ಒಂದು ಸಂಜೆಯ ಕೆಲಸ.

ಇಂದಿಗೂ ಸರಿಹೋಗದ್ದು ಒಂದಿದೆ. ಸೈಟಿಗೆ ಬಂದವರ ನಿಜವಾದ ಐಪಿ ನನಗೆ ಕಾಣುವುದಿಲ್ಲ, ಲಾಗ್‌ನಲ್ಲಿ ಎಲ್ಲರೂ 10.42ರಿಂದ ಶುರುವಾಗುವ ಒಳಗಿನ ವಿಳಾಸದವರೇ. ಕುಬರ್ನೆಟೀಸ್‌ನಲ್ಲಿ ಎಕ್ಸ್‌ಟರ್ನಲ್ ಟ್ರಾಫಿಕ್ ಪಾಲಿಸಿ ಅನ್ನುವ ಸೆಟ್ಟಿಂಗನ್ನು ಲೋಕಲ್ ಮಾಡಿದರೆ ಕಾಣುತ್ತದೆ. ಆದರೆ ಆಗ ಟ್ರೇಫಿಕ್ ಇರುವ ಲ್ಯಾಪ್‌ಟಾಪಿಗೇ ವಿನಂತಿ ಬರಬೇಕು, ನನ್ನ ರೌಟರ್ ಕಳಿಸುವುದು ಸರ್ವರ್ ಲ್ಯಾಪ್‌ಟಾಪ್ ಒಂದಕ್ಕೆ. ಮೂರರಲ್ಲೂ ಒಂದೊಂದು ಟ್ರೇಫಿಕ್ ಓಡಿಸಿದರೆ ಇದು ಬಗೆಹರಿಯುತ್ತದೆ. ಈ ಸಲ ಕೊನೆ ಕೊಯ್ಲು ಮುಗಿದಮೇಲೆ ಅದನ್ನೇ ಮಾಡಬೇಕು ಅಂತಿದ್ದೇನೆ, ಮಾರಿಕಾಂಬಾ ಜಾತ್ರೆ ಇರುವ ವರ್ಷ ಬುಕಿಂಗ್ ಜಾಸ್ತಿ, ಆ ಹೊತ್ತಿಗೆ ಯಾವುದನ್ನೂ ಮುಟ್ಟುವ ಧೈರ್ಯ ನನಗಿಲ್ಲ.