ಭಾವನೆ ತಿಳಿಸಲು ಚಾರ್ಟೋ, ಕಥೆಯೋ, ಆಟವೋ?

ನಾಲ್ಕು ವರ್ಷದ ಮಗಳಿಗೆ ತನ್ನ ಮತ್ತು ಬೇರೆಯವರ ಭಾವನೆ ತಿಳಿಸಿಕೊಡಲು ಮುಖಗಳ ಚಾರ್ಟ್, ಕಥೆ, ಪಾತ್ರದ ಆಟ ಇವುಗಳಲ್ಲಿ ಯಾವುದು ಸರಿ ಅಂತ ಕೇಳಿದ್ದೀರಿ. ಖರ್ಚಿನ ಮಾತು ಬಿಡಿ, ಮೂರೂ ಅಗ್ಗ.

ನಗು, ಅಳು, ಸಿಟ್ಟಿನ ಮುಖಗಳ ಚಿತ್ರವಿರುವ ಚಾರ್ಟ್ ಸುಲಭ. ಮಾತು ಇನ್ನೂ ಕಡಿಮೆ ಇರುವ ಮಗು ಬೆರಳಿಟ್ಟು ತೋರಿಸುತ್ತದೆ. ಆದರೆ ಸಿಟ್ಟಿನ ಹೆಸರು ತಿಳಿಯುತ್ತದೆ, ಕಾರಣ ತಿಳಿಯುವುದಿಲ್ಲ.

ಬೇರೆಯವರ ಯೋಚನೆ ಅರ್ಥವಾಗಲು ಕಥೆಯೇ ಜಾಸ್ತಿ ಉಪಯೋಗ. 1983ರಲ್ಲಿ ವಿಮ್ಮರ್ ಮತ್ತು ಪೆರ್ನರ್ ಎಂಬ ಮನೋವಿಜ್ಞಾನಿಗಳು ಒಂದು ಪ್ರಯೋಗದಲ್ಲಿ ಮಕ್ಕಳಿಗೆ ಹೇಳಿದ ಕಥೆ ನೋಡಿ. ಹುಡುಗ ಒಂದು ಕಪಾಟಿನಲ್ಲಿ ಚಾಕೊಲೇಟ್ ಇಟ್ಟು ಹೊರಗೆ ಹೋದಾಗ ಅಮ್ಮ ಅದನ್ನು ಬೇರೆ ಕಪಾಟಿನಲ್ಲಿಡುತ್ತಾಳೆ. ಬಂದವನು ಎಲ್ಲಿ ಹುಡುಕುತ್ತಾನೆ? ತೀರಾ ಸಣ್ಣವರು ಹೊಸ ಜಾಗವನ್ನೇ ತೋರಿಸಿದರು. 'ಅವನಿಗೆ ಗೊತ್ತಿಲ್ವಲ್ಲ' ಎನ್ನುವುದು ಸಾಮಾನ್ಯವಾಗಿ ನಾಲ್ಕರ ಆಸುಪಾಸಿನಲ್ಲಿ ಹೊಳೆಯುತ್ತದೆ. ನೀವೂ ಕಥೆ ನಿಲ್ಲಿಸಿ ಇಂಥ ಪ್ರಶ್ನೆ ಕೇಳಿ. ಸುಮ್ನೆ ಓದಿ ಮುಗಿಸಬೇಡಿ.

ಕೂತು ಕೇಳದ ಮಗುವಿಗೆ ಪಾತ್ರದ ಆಟ. ಅವಳು ಟೀಚರ್, ನೀವು ಅಳುವ ಮಗು. ನಿಮ್ಮ ಸಮಯ ಬೇಕು, ಅಷ್ಟೇ. ತಮ್ಮನ ಜೊತೆ ಜಗಳವೇ ತೊಂದರೆಯಾದರೆ ನಾನಾದರೆ ಇದನ್ನೇ ಮೊದಲು ಹಿಡಿಯುತ್ತೇನೆ.