ಬೇಡದ ಕ್ಯಾಲೆಂಡರ್ ಸರ್ವಿಸ್: ಕಿತ್ತು ಹಾಕೋದಾ, ಬಾಯಿ ಮುಚ್ಚಿಸೋದಾ, ಮಾಸ್ಕ್ ಮಾಡೋದಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮಾಸ್ಕ್‌ಗೆ, ಅಂದರೆ ಸರ್ವಿಸ್ ಇದ್ದಲ್ಲೇ ಇದ್ದರೂ ಏಳದ ಹಾಗೆ ಮಾಡುವುದಕ್ಕೆ. ಮಿಕ್ಕಿದ್ದನ್ನೆಲ್ಲ ಮಾಡಿ ನೋಡಿ ಸುಸ್ತಾದ ಮೇಲೆ ಹೇಳುತ್ತಿರುವ ಮಾತು.

ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲಿರುವುದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್, 4 ಜಿಬಿ ರ‍್ಯಾಮ್, ಉಬುಂಟು (ವಿಂಡೋಸ್ ಬದಲು ಹಾಕುವ ಲಿನಕ್ಸ್). ಲಾಗಿನ್ ಆದ ಕೂಡಲೇ ಯಾವುದೋ ಪ್ರೋಗ್ರಾಂ ಕ್ರ್ಯಾಶ್ ಆಗಿದೆ ಅಂತ ಒಂದು ಬಾಕ್ಸ್ ಬರುತ್ತಿತ್ತು. ವಿವರ ತೆರೆದರೆ ಹೆಸರು ಸಿಕ್ಕಿತು: ಎವಲ್ಯೂಷನ್ ಕ್ಯಾಲೆಂಡರ್ ಫ್ಯಾಕ್ಟರಿ. ಮೇಲ್, ಕ್ಯಾಲೆಂಡರ್ ನೋಡುವ ಎವಲ್ಯೂಷನ್ ಆ್ಯಪನ್ನು ನಾನು ಒಂದು ದಿನವೂ ತೆರೆದವನಲ್ಲ. ತಿಥಿ, ಹಬ್ಬಕ್ಕೆ ಮೊಳೆಯಲ್ಲಿ ಒಂಟಿಕೊಪ್ಪಲ್ ಪಂಚಾಂಗ ನೇತಾಡುತ್ತಿದೆ. ಗ್ಯಾಸ್ ಸಿಲಿಂಡರ್ ಬಂದ ದಿನವನ್ನೂ ಅದರ ಅಂಚಿನಲ್ಲೇ ಬರೆಯುವುದು.

ಮಂಡ್ಯದಲ್ಲಿ ಓದುತ್ತಿರುವ ಅಕ್ಕನ ಮಗ ಫೋನಿನಲ್ಲಿ, "ಮಾವ, ಬೇಡ ಅಂದ್ರೆ ಕಿತ್ತಾಕಿ, ಅಷ್ಟೇ" ಅಂದ. ಆ ಸರ್ವಿಸ್ ಇರುವ ಪ್ಯಾಕೇಜಾದ ಎವಲ್ಯೂಷನ್ ಡೇಟಾ ಸರ್ವರ್‌ಗೆ ಆಪ್ಟ್ ರಿಮೂವ್, ಅಂದರೆ ತೆಗೆದುಹಾಕುವ ಆಜ್ಞೆ ಕೊಟ್ಟೆ. ಒಪ್ಪಿಗೆಯ ವೈ ಒತ್ತುವ ಮುಂಚೆ, ಏನೇನು ಹೋಗುತ್ತದೆ ಅನ್ನುವ ಪಟ್ಟಿ ಓದಿದ್ದು ಪುಣ್ಯ. ಎವಲ್ಯೂಷನ್ ಡೇಟಾ ಸರ್ವರ್ ಜೊತೆ ಗ್ನೋಮ್ ಶೆಲ್ ಕೂಡ ಗಂಟುಮೂಟೆ ಕಟ್ಟಿ ನಿಂತಿತ್ತು! ಶೆಲ್‌ಗೆ ಆ ಪ್ಯಾಕೇಜ್ ಬೇಕೇ ಬೇಕು. ಶೆಲ್ ಹೋದರೆ ಡೆಸ್ಕ್‌ಟಾಪೇ ಇಲ್ಲ. ನೆಗಡಿಗೆ ಮೂಗು ಕೊಯ್ದುಕೊಂಡ ಹಾಗೆ.

ಡಿಸೇಬಲ್, ಅಂದರೆ ತಾನಾಗಿ ಶುರುವಾಗುವುದನ್ನು ನಿಲ್ಲಿಸುವುದು, ದಂಡ. ಇದು ಬೂಟ್‌ನಲ್ಲಿ ತಾನಾಗಿ ಏಳುವ ಸರ್ವಿಸ್ ಅಲ್ಲ, ಶೆಲ್ ಡಿ-ಬಸ್ (ಪ್ರೋಗ್ರಾಂಗಳು ಪರಸ್ಪರ ಮಾತಾಡುವ ದಾರಿ) ಮೂಲಕ ಕೂಗಿದಾಗ ಏಳುವಂಥದ್ದು.

ಕ್ರ್ಯಾಶ್ ವರದಿ ಮಾಡಿ ಬಾಕ್ಸ್ ತೋರಿಸುವ ಆಪೋರ್ಟ್ ಅನ್ನು ಬಂದ್ ಮಾಡಿದರೆ, ಅಂದರೆ ಅದರ ಸೆಟ್ಟಿಂಗ್ ಫೈಲಿನಲ್ಲಿ 1 ಇರುವ ಕಡೆ 0 ಹಾಕಿದರೆ, ಬಾಕ್ಸ್ ಬರುವುದಿಲ್ಲ. ಆದರೆ ಪ್ರೋಗ್ರಾಂ ಒಳಗೊಳಗೇ ಬೀಳುತ್ತಲೇ ಇರುತ್ತದೆ. ನಾಳೆ ನಿಜವಾಗಿ ಬೇಕಾದದ್ದು ಬಿದ್ದರೂ ಸುದ್ದಿ ಬರುವುದಿಲ್ಲ. ಒಂದು ದಿನ ಇಟ್ಟು ವಾಪಸ್ 1 ಮಾಡಿದೆ.

ಮಾಸ್ಕ್ ಮಾಡಿದರೆ ಸರ್ವಿಸ್ ಹೆಸರು ಏನೂ ಇಲ್ಲದ ಖಾಲಿ ಜಾಗವಾದ ಡೆವ್ ನಲ್‌ಗೆ ಕೊಂಡಿಯಾಗುತ್ತದೆ. ಆಮೇಲೆ ಯಾರು ಕೂಗಿದರೂ ಏಳುವುದಿಲ್ಲ. ಬೇಕೆನಿಸಿದರೆ ಅನ್‌ಮಾಸ್ಕ್. ಸಿಸ್ಟಮ್‌ಸಿಟಿಎಲ್ (ಸರ್ವಿಸ್‌ಗಳನ್ನು ನಿಯಂತ್ರಿಸುವ ಆಜ್ಞೆ) ಜೊತೆ ಯೂಸರ್ ಆಪ್ಷನ್ ಕೊಡಬೇಕು, ಇದು ನನ್ನ ಲಾಗಿನ್ನಿನ ಸರ್ವಿಸ್ ಆದ್ದರಿಂದ ಸುಡೋ (ಅಡ್ಮಿನ್ ಅಧಿಕಾರ) ಬೇಡ. ಸುಡೋ ಹಾಕಿದರೆ 'ಅಂಥ ಯೂನಿಟ್ ಇಲ್ಲ, ಆದರೂ ಮಾಡುತ್ತೇನೆ' ಅಂತ ಹೇಳಿ ಪಕ್ಕದ ಮನೆಗೆ ಬೀಗ ಹಾಕಿ ಬರುತ್ತದೆ.

ಇಷ್ಟಾದರೂ ಮರುದಿನ ಅದೇ ಬಾಕ್ಸ್! ಸ್ಟೇಟಸ್ ನೋಡಿದರೆ ಮಾಸ್ಕ್ಡ್ ಅಂತಲೇ ಇದೆ. ರೀಸ್ಟಾರ್ಟ್ ಮಾಡಿದೆ, ಮತ್ತೆ ಬಂತು. ಅನ್‌ಮಾಸ್ಕ್ ಮಾಡಿ ಮತ್ತೆ ಮಾಸ್ಕ್ ಮಾಡಿದೆ. ಎರಡು ಸಂಜೆ ಹೋಯಿತು, ಕಾಫಿ ಎರಡು ಸಲ ಆರಿತು. ಉಬುಂಟುವನ್ನೇ ತೆಗೆದು ಬೇರೆ ಹಾಕೋಣ ಅನ್ನುವಷ್ಟು ರೇಗಿತ್ತು.

ಕೊನೆಗೆ ಬಾಕ್ಸ್ ಎಲ್ಲಿಂದ ಬರುತ್ತಿದೆ ಅಂತ ಹುಡುಕಿದೆ. ಸಿಸ್ಟಮ್ಮಿನ ವಾರ್ ಫೋಲ್ಡರಿನ ಒಳಗಿನ ಕ್ರ್ಯಾಶ್ ಫೋಲ್ಡರಿನಲ್ಲಿ ಒಂದು ಫೈಲ್ ಕೂತಿತ್ತು. ಹೆಸರಿನ ತುಂಬಾ ಅಂಡರ್‌ಸ್ಕೋರ್, ಕೊನೆಯ ಹತ್ತಿರ 1000 ಅನ್ನುವ ನನ್ನ ಯೂಸರ್ ನಂಬರ್. ತಾರೀಖು ನೋಡಿದರೆ ಮಾಸ್ಕ್ ಮಾಡುವ ಹಿಂದಿನ ದಿನದ್ದು! ಪ್ರೋಗ್ರಾಂ ಆಗಲೇ ಸುಮ್ಮನಾಗಿತ್ತು, ಆಪೋರ್ಟ್ ಹಳೇ ವರದಿಯನ್ನೇ ದಿನಾ ತೋರಿಸುತ್ತಿತ್ತು ಅಷ್ಟೇ. ಆ ಫೈಲ್ ಅಳಿಸಿದ ಮೇಲೆ ಬಾಕ್ಸ್ ಮತ್ತೆ ಬಂದಿಲ್ಲ.

ಈಗ ಮೇಲಿನ ಗಡಿಯಾರ ಒತ್ತಿದರೆ ತಿಂಗಳು ಕಾಣುತ್ತದೆ, ಕಾರ್ಯಕ್ರಮಗಳು ಕಾಣುವುದಿಲ್ಲ. ಮೊದಲೂ ಇರಲಿಲ್ಲ ಬಿಡಿ. ಹೊಸ ರ‍್ಯಾಮ್‌ಗೆ ದುಡ್ಡು ಹಾಕುವ ಮನಸ್ಸಿಲ್ಲದ ನನಗೆ ಬೇಡದ್ದೊಂದು ಕಡಿಮೆಯಾದರೂ ಲಾಭವೇ. ಅಕ್ಕನ ಮಗನ ಕಥೆ ಬೇರೆ. ಪರೀಕ್ಷೆ ತಾರೀಖೆಲ್ಲ ಅವನಿಗೆ ಆ ಗಡಿಯಾರದ ಕೆಳಗೇ ಬೇಕು. ಈ ಬಾಕ್ಸ್ ಬಂದರೆ ಅವನು ಮಾಸ್ಕ್ ಮುಟ್ಟದೆ ಅಪ್‌ಡೇಟ್ ಹಾಕಿಕೊಂಡು ನೋಡಲಿ.